ಕೊಡಗಿನಲ್ಲಿ ಕುದುರೆ ಮೇಯಿಸುವುದು: ಹುಲ್ಲು, ಗದ್ದೆ, ಬಾಣೆ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಸುಂಟಿಕೊಪ್ಪದ ಹತ್ತಿರ ನಮ್ಮದೊಂದು ಸಣ್ಣ ಕಾಫಿ ತೋಟ. ಅಲ್ಲಿ ಎರಡು ಕುದುರೆಗಳಿವೆ. ಒಂದು ರೇಸ್ ಬಿಟ್ಟ ಹೆಣ್ಣು ಕುದುರೆ, ಇನ್ನೊಂದು ತಟ್ಟು, ಅಂದರೆ ಗಿಡ್ಡ ಜಾತಿಯ ಕುದುರೆ. ಕುದುರೆ ಸಾಕಬೇಕು ಅಂತ ಆಸೆ ಇರುವವರು, ಆಗಲೇ ತಂದು ಕಟ್ಟಿದವರು ಮನೆಗೆ ಬಂದಾಗ ಸುಮಾರು ಇದೇ ಪ್ರಶ್ನೆಗಳನ್ನು ಕೇಳುತ್ತಾರೆ. ಉತ್ತರಗಳನ್ನು ಒಂದೆಡೆ ಬರೆದಿಟ್ಟಿದ್ದೇನೆ. ಕಾಯಿಲೆ ಬಿದ್ದ ಕುದುರೆಗೆ ಪಶುವೈದ್ಯರೇ ಬೇಕು, ಈ ಬರಹ ಸಾಲದು.

ದನ ತಿನ್ನುವ ಹುಲ್ಲೆಲ್ಲ ಕುದುರೆಗೂ ಆಗುತ್ತೆ ಅಲ್ವಾ?

ಆಗುವುದಿಲ್ಲ. ಇದೊಂದು ತಿಳಿದರೆ ಅರ್ಧ ಕೆಲಸ ಮುಗಿದ ಹಾಗೆ. ನಮ್ಮ ಊರಿನಲ್ಲಿ ಮೇವಿನ ಬಗ್ಗೆ ಯಾರನ್ನು ಕೇಳಿದರೂ ದನದ ಲೆಕ್ಕದಲ್ಲೇ ಹೇಳುತ್ತಾರೆ. ಅವರ ಅನುಭವ ದೊಡ್ಡದು, ಆದರೆ ಅದು ದನದ ಹೊಟ್ಟೆಯ ಅನುಭವ.

ಸೀಮೆ ಹುಲ್ಲು ಅಂತ ನಾವು ಕರೆಯುವ ನೇಪಿಯರ್, ಗಿನಿ ಹುಲ್ಲು, ಪ್ಯಾರಾ ಹುಲ್ಲು, ಸಿಟೇರಿಯಾ, ಸಿಗ್ನಲ್ ಹುಲ್ಲು, ಕಿಕುಯು ಇವುಗಳಲ್ಲೆಲ್ಲ ಆಕ್ಸಲೇಟ್ ಎನ್ನುವ ಅಂಶ ಜಾಸ್ತಿ. ಅದು ಹುಲ್ಲಿನಲ್ಲಿರುವ ಕ್ಯಾಲ್ಸಿಯಂ ಅನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ದನದ ಮೊದಲ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳು ಆಕ್ಸಲೇಟನ್ನು ಒಡೆದು ಹಾಕುತ್ತವೆ. ಆ ಮೇಲೆ ಕ್ಯಾಲ್ಸಿಯಂ ಮೈಗೆ ಹತ್ತುತ್ತದೆ. ಕುದುರೆಯಲ್ಲಿ ಈ ಕ್ರಮ ತಿರುಗುಮುರುಗು. ಕ್ಯಾಲ್ಸಿಯಂ ಹೀರುವ ಸಣ್ಣ ಕರುಳು ಮುಂದೆ, ಸೂಕ್ಷ್ಮಜೀವಿಗಳು ಕೆಲಸ ಮಾಡುವ ದೊಡ್ಡ ಕರುಳು ಹಿಂದೆ. ಒಡೆಯುವವರು ಬರುವ ಹೊತ್ತಿಗೆ ಹೀರುವ ಜಾಗ ದಾಟಿ ಹೋಗಿರುತ್ತದೆ.

ಹೀಗೆ ತಿಂಗಳುಗಟ್ಟಲೆ ನಡೆದರೆ ಕುದುರೆಯ ಮೈ ತನ್ನ ಮೂಳೆಯಿಂದಲೇ ಕ್ಯಾಲ್ಸಿಯಂ ಕಿತ್ತುಕೊಳ್ಳುತ್ತದೆ. ಮೂಳೆ ಟೊಳ್ಳಾಗುತ್ತದೆ. ಮುಖದ ಮೂಳೆಯಲ್ಲಿ ಖಾಲಿಯಾದ ಜಾಗಕ್ಕೆ ನಾರು ತುಂಬಿಕೊಂಡು ಮುಖ ಊದುತ್ತದೆ. ಇದಕ್ಕೆ ದೊಡ್ಡ ತಲೆ ರೋಗ ಅಂತಲೇ ಹೆಸರು.

ಇದನ್ನು ನಾನು ಪುಸ್ತಕದಲ್ಲಿ ಓದಿ ಕಲಿಯಲಿಲ್ಲ. ನಮ್ಮ ಹೆಣ್ಣು ಕುದುರೆ ಬಂದ ಮೊದಲ ವರ್ಷ ದಿನವೂ ಎರಡು ಹೊರೆ ನೇಪಿಯರ್, ಸಂಜೆಗೆ ಒಂದು ಬಕೆಟ್ ಬೂಸಾ ಕೊಡುತ್ತಿದ್ದೆವು. ಚೆನ್ನಾಗಿ ತಿನ್ನುತ್ತಿತ್ತು, ಮೈ ಹೊಳೆಯುತ್ತಿತ್ತು. ಏಳೆಂಟು ತಿಂಗಳಾದ ಮೇಲೆ ಹೆಜ್ಜೆ ಚಿಕ್ಕದಾಯಿತು. ಇವತ್ತು ಮುಂದಿನ ಕಾಲು ಕುಂಟಿದರೆ ನಾಳೆ ಹಿಂದಿನದು. ಲಾಳ ಕಟ್ಟುವವರು ಗೊರಸಿನಲ್ಲಿ ಏನೂ ಇಲ್ಲ ಅಂದರು. ಒಂದು ಬೆಳಿಗ್ಗೆ ಮೈ ಉಜ್ಜುತ್ತಿದ್ದ ನಮ್ಮ ಹುಡುಗ ಕರೆದ. "ಅಕ್ಕಾ, ಇದರ ಮೂಗು ದಪ್ಪ ಆಗಿದೆ ನೋಡಿ." ಮೂಗಿನ ಮೇಲೆ, ಕಣ್ಣಿಗೂ ಮೂಗಿನ ಹೊಳ್ಳೆಗೂ ನಡುವೆ, ಎರಡೂ ಕಡೆ ಬೆರಳಿಟ್ಟು ನೋಡಿದೆ. ಗೆಣ್ಣಿನ ಹಾಗೆ ಚೂಪಾಗಿ ಸಿಗಬೇಕಿದ್ದ ಮೂಳೆಯ ಏಣು ಇಲ್ಲವೇ ಇಲ್ಲ, ಗುಂಡಗೆ ಉಬ್ಬಿತ್ತು. ಪ್ರೀತಿಯಿಂದ ಕೊಟ್ಟ ಮೇವೇ ಹೀಗೆ ಮಾಡಿತಲ್ಲಾ ಅಂತ ಅವತ್ತು ಅಳು ಬಂತು. ಮೇವು ಬದಲಿಸಿ, ವೈದ್ಯರು ಹೇಳಿದ ಕ್ಯಾಲ್ಸಿಯಂ ಕೊಟ್ಟ ಮೇಲೆ ಕುಂಟು ಹೋಯಿತು. ಮುಖದ ಉಬ್ಬು ಪೂರ್ತಿ ಇಳಿಯಲಿಲ್ಲ, ಇವತ್ತಿಗೂ ಕೈಗೆ ಸಿಗುತ್ತದೆ.

ಬೂಸಾದಲ್ಲಿ ಏನು ತಪ್ಪು? ಕುದುರೆಗೆ ಬೂಸಾ ಕೊಡುವುದು ಹಳೆಯ ರೂಢಿ ಅಲ್ವಾ?

ರೂಢಿ ಹಳೆಯದು, ಅದರಿಂದ ಬರುವ ರೋಗವೂ ಅಷ್ಟೇ ಹಳೆಯದು. ಹಿಂದೆ ಹಿಟ್ಟಿನ ಗಿರಣಿಯವರು ತಮ್ಮ ಕುದುರೆಗಳಿಗೆ ಬರೀ ಬೂಸಾ ತಿನ್ನಿಸಿ ಇದೇ ದೊಡ್ಡ ತಲೆ ರೋಗ ಬರಿಸಿಕೊಳ್ಳುತ್ತಿದ್ದರು. ಗೋಧಿ ಬೂಸಾದಲ್ಲಿ ಕ್ಯಾಲ್ಸಿಯಂಗಿಂತ ರಂಜಕ ಸುಮಾರು ಹತ್ತು ಪಟ್ಟು ಜಾಸ್ತಿ. ಅಕ್ಕಿ ತೌಡಿನಲ್ಲಿ ಇನ್ನೂ ಜಾಸ್ತಿ. ಕುದುರೆಯ ಒಟ್ಟು ಮೇವಿನಲ್ಲಿ ಕ್ಯಾಲ್ಸಿಯಂ ಯಾವತ್ತೂ ರಂಜಕಕ್ಕಿಂತ ಕಡಿಮೆ ಆಗಬಾರದು. ನೇಪಿಯರ್ ಕ್ಯಾಲ್ಸಿಯಂ ಹಿಡಿದಿಡುತ್ತದೆ, ಬೂಸಾ ರಂಜಕ ಸುರಿಯುತ್ತದೆ. ಎರಡೂ ಸೇರಿದರೆ ಕಷ್ಟ ಕಟ್ಟಿಟ್ಟ ಬುತ್ತಿ. ದಿನಕ್ಕೆ ಒಂದೆರಡು ಹಿಡಿ ಬೂಸಾ ಔಷಧಿ ಕಲಸಲು ಬಳಸಿದರೆ ಏನೂ ಆಗದು.

ನೇಪಿಯರ್ ಪೂರ್ತಿ ಬಿಡಲೇಬೇಕಾ? ನಮ್ಮಲ್ಲಿ ಇರುವುದೇ ಅದು.

ಬಿಡಬೇಕಿಲ್ಲ. ಅದೊಂದನ್ನೇ ಕೊಡಬೇಡಿ. ಮೇವಿನ ಕಾಲು ಭಾಗಕ್ಕಿಂತ ಜಾಸ್ತಿ ಅದು ಇರದಂತೆ ನಾನು ನೋಡಿಕೊಳ್ಳುತ್ತೇನೆ. ತೀರಾ ಎಳೆಯ ಎಲೆಯಲ್ಲಿ ಆಕ್ಸಲೇಟ್ ಜಾಸ್ತಿ ಇರುತ್ತದೆ, ಹಾಗಾಗಿ ಮೊಣಕಾಲುದ್ದದ ಚಿಗುರು ಕೊಯ್ದು ಹಾಕುವುದಿಲ್ಲ. ಜೊತೆಗೆ ಕ್ಯಾಲ್ಸಿಯಂ ಇರುವ ದ್ವಿದಳ ಮೇವು ಕೊಡುತ್ತೇನೆ. ಕ್ಯಾಲ್ಸಿಯಂ ಪುಡಿ ಎಷ್ಟು ಹಾಕಬೇಕು ಅನ್ನುವುದನ್ನು ಕುದುರೆಯ ತೂಕ, ಮೇವು ನೋಡಿ ವೈದ್ಯರು ಹೇಳಲಿ.

ಹಾಗಾದರೆ ಯಾವ ಹುಲ್ಲು ಹಾಕಲಿ?

ಮೊದಲು ನಿಮ್ಮ ಮಳೆ ಎಷ್ಟು ಇಂಚು ಹೇಳಿ. ಕುಶಾಲನಗರದ ಕಡೆ ವರ್ಷಕ್ಕೆ ಸುಮಾರು 40 ಇಂಚು. ಮಡಿಕೇರಿಯಲ್ಲಿ 120 ಇಂಚಿನ ಮೇಲೆ. ಭಾಗಮಂಡಲದಲ್ಲಿ 200 ಮುಟ್ಟುವ ವರ್ಷಗಳೂ ಉಂಟು. ಒಂದೇ ಜಿಲ್ಲೆ, ಆದರೆ ಒಂದೇ ಹುಲ್ಲು ಎಲ್ಲ ಕಡೆ ನಿಲ್ಲುವುದಿಲ್ಲ.

ಕುಶಾಲನಗರ, ಶನಿವಾರಸಂತೆ ಕಡೆಯ ನೀರು ನಿಲ್ಲದ ಜಾಗಕ್ಕೆ ರೋಡ್ಸ್ ಹುಲ್ಲು ನನ್ನ ಮೊದಲ ಆಯ್ಕೆ. ಆಕ್ಸಲೇಟ್ ಕಡಿಮೆ, ತುಳಿತ ತಡೆಯುತ್ತದೆ, ಬಳ್ಳಿ ಹಬ್ಬಿಸಿಕೊಂಡು ನೆಲ ಮುಚ್ಚುತ್ತದೆ. ಒಣಗಿಸಿದರೆ ಒಳ್ಳೆಯ ಒಣಹುಲ್ಲೂ ಆಗುತ್ತದೆ.

ಎಲ್ಲ ಕಡೆಗೂ ಹೊಂದುವುದು ನಮ್ಮ ಗರಿಕೆ. ಗಣಪತಿಗೆ ಏರಿಸುವ ಗರಿಕೆಯನ್ನು ಕಳೆ ಅಂತ ಕಿತ್ತು ಹಾಕುವವರನ್ನು ಕಂಡರೆ ನನಗೆ ಬೇಸರ ಆಗುತ್ತದೆ. ಕುದುರೆ ಮೇಲಿನ, ಕೆಳಗಿನ ಎರಡೂ ಸಾಲಿನ ಮುಂಹಲ್ಲಿನಿಂದ ನೆಲದ ಹತ್ತಿರಕ್ಕೆ ಕತ್ತರಿಸಿ ತಿನ್ನುತ್ತದೆ. ದನಕ್ಕೆ ಮೇಲಿನ ಮುಂಹಲ್ಲೇ ಇಲ್ಲ, ಅದು ನಾಲಿಗೆ ಸುತ್ತಿ ಎಳೆಯುತ್ತದೆ. ಹೀಗೆ ಗಿಡ್ಡವಾಗಿ ಕಚ್ಚಿದರೂ ಬೇರು, ಬಳ್ಳಿಯಿಂದ ಮತ್ತೆ ಚಿಗುರುವ ಹುಲ್ಲೇ ಕುದುರೆಗೆ ಬೇಕು. ಗರಿಕೆಗೆ ಆ ಗುಣ ಇದೆ. ಬಿಸಿಲು ಮಾತ್ರ ಬೇಕು, ಮರದ ನೆರಳಿನಲ್ಲಿ ಸೊರಗುತ್ತದೆ.

ಮಳೆ ಜಾಸ್ತಿ ಇರುವ ಪಶ್ಚಿಮದ ಕಡೆ, ನೆರಳಿನ ಅಂಚಿನಲ್ಲಿ, ಅಗಲ ಎಲೆಯ ಕಾರ್ಪೆಟ್ ಹುಲ್ಲು ತಾನಾಗಿಯೇ ಹಬ್ಬಿರುತ್ತದೆ. ಹುಳಿ ಮಣ್ಣಿಗೂ ನೀರಿಗೂ ಹೆದರುವುದಿಲ್ಲ. ಸತ್ವ ಕಡಿಮೆ. ಆದರೆ ಸುಮ್ನೆ ನಿಂತು ದಪ್ಪಗಾಗುವ ತಟ್ಟುಗಳಿಗೆ ಅದೇ ಒಳ್ಳೆಯದು. ಅದನ್ನು ಅಗೆದು ಬೇರೆ ಹುಲ್ಲು ಹಾಕುವ ಗೋಜಿಗೆ ಹೋಗಬೇಡಿ.

ದ್ವಿದಳ ಮೇವಿನಲ್ಲಿ ಯಾವುದು?

ಲೂಸರ್ನ್‌ಗೆ ಕನ್ನಡದಲ್ಲಿ ಕುದುರೆ ಮೆಂತ್ಯ ಅಂತಲೇ ಹೆಸರು. ಕ್ಯಾಲ್ಸಿಯಂ ಧಾರಾಳ. ಆದರೆ ಅದಕ್ಕೆ ಹುಳಿ ಮಣ್ಣು ಆಗದು, ಬೇರಿಗೆ ನೀರು ನಿಂತರೆ ಕೊಳೆತು ಹೋಗುತ್ತದೆ. ಕುಶಾಲನಗರದ ಕಡೆ ನೀರಾವರಿ ಇದ್ದರೆ ಒಂದು ಸಣ್ಣ ಮಡಿ ಹಾಕಿ ನೋಡಬಹುದು. ನಮ್ಮಂಥ ಕಡೆ ಸ್ಟೈಲೋ ವಾಸಿ, ಹುಳಿ ಮಣ್ಣಲ್ಲೂ ಬರುತ್ತದೆ. ತೋಟದಲ್ಲಿ ನೆಲ ಮುಚ್ಚಲು ಹಾಕುವ, ಹಳದಿ ಹೂವಿನ ಪಿಂಟೋಯಿ ನೆಲಗಡಲೆ ಬಳ್ಳಿಯನ್ನೂ ನಮ್ಮವು ಇಷ್ಟಪಟ್ಟು ತಿನ್ನುತ್ತವೆ. ಅದು ಸ್ವಲ್ಪ ನೆರಳನ್ನೂ ತಡೆಯುತ್ತದೆ. ಬರೀ ದ್ವಿದಳವನ್ನೇ ಹೊಟ್ಟೆ ತುಂಬ ಕೊಡಬೇಡಿ. ನಾಲ್ಕು ಪಾಲಿನಲ್ಲಿ ಒಂದು ಪಾಲು ಸಾಕು.

ಸುಬಾಬುಲ್ ಬೇಡವೇ ಬೇಡ. ದನಕ್ಕೆ, ಆಡಿಗೆ ಕತ್ತರಿಸಿ ಹಾಕುತ್ತಾರೆ, ನಿಜ. ಕುದುರೆ ತಿಂದರೆ ಜೂಲು, ಬಾಲದ ಕೂದಲು ಉದುರಿ ಹೋಗುತ್ತದೆ. ಅದರಲ್ಲಿರುವ ಮೈಮೋಸಿನ್ ಅದಕ್ಕೆ ಕಾರಣ. ನಾಚಿಕೆ ಮುಳ್ಳಿನಲ್ಲೂ ಅದೇ ಅಂಶ ಇದೆ.

ಒಂದು ಕುದುರೆಗೆ ಎಷ್ಟು ಜಾಗ ಬೇಕು?

400 ಕೆಜಿ ತೂಕದ ಕುದುರೆಗೆ ದಿನಕ್ಕೆ ಒಣ ಲೆಕ್ಕದಲ್ಲಿ ಸುಮಾರು 8 ಕೆಜಿ ಮೇವು ಬೇಕು. ಹಸಿ ಹುಲ್ಲಾದರೆ 35 ರಿಂದ 40 ಕೆಜಿ. ಬರೀ ಮೇಯಿಸಿಯೇ ಸಾಕಬೇಕು ಅಂದರೆ ಎರಡು ಎಕರೆ ಒಳ್ಳೆಯ ಹುಲ್ಲುಗಾವಲು ಇರಲಿ. ಒಂದು ಎಕರೆ ಇದ್ದರೆ ಅರ್ಧ ಮೇವನ್ನು ಕೈಯಿಂದ ಹಾಕಬೇಕಾಗುತ್ತದೆ. ಅದಕ್ಕೂ ಕಡಿಮೆ ಇದ್ದರೆ ಅದನ್ನು ಕುದುರೆ ಓಡಾಡುವ ಅಂಗಳ ಅಂತ ತಿಳಿಯಿರಿ.

ಬಿತ್ತನೆ ಯಾವಾಗ? ಸುಣ್ಣ ಹಾಕಬೇಕಾ?

ಕಾಫಿ ಬೆಳೆಯುವವರಿಗೆ ಸುಣ್ಣದ ವಿಷಯ ಹೊಸದಲ್ಲ. ನಮ್ಮ ಮಣ್ಣು ಹುಳಿ, ಮಳೆ ಇರುವ ಸುಣ್ಣವನ್ನೂ ತೊಳೆದುಕೊಂಡು ಹೋಗುತ್ತದೆ. ಗೋಣಿಕೊಪ್ಪದ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ ಮಣ್ಣು ಪರೀಕ್ಷೆ ಮಾಡಿಸಿ, ಅದರಂತೆ ಹಾಕಿ. ಬಿತ್ತುವುದಕ್ಕೆ ಎರಡು ಮೂರು ತಿಂಗಳು ಮುಂಚೆ ಹಾಕಿದರೆ ಒಳ್ಳೆಯದು.

ರೋಡ್ಸ್ ಹುಲ್ಲಿನ ಬೀಜ ಹತ್ತಿಯ ಎಳೆಯ ಹಾಗೆ ಹಗುರ. ಕೈಯಲ್ಲಿ ಎರಚಿದರೆ ಗಾಳಿಗೆ ಪಕ್ಕದ ತೋಟಕ್ಕೆ ಹೋಗುತ್ತದೆ. ಎಕರೆಗೆ ಎರಡು ಮೂರು ಕೆಜಿ ಬೀಜವನ್ನು ಒದ್ದೆ ಮರಳಿನ ಜೊತೆ ಕಲಸಿ ಎರಚಿ. ಮೇಲೆ ಮಣ್ಣು ಮುಚ್ಚಬೇಡಿ, ಕೊಂಬೆ ಎಳೆದುಕೊಂಡು ಹೋದರೆ ಸಾಕು. ಒಂದು ಸೆಂಟಿಮೀಟರಿಗಿಂತ ಆಳ ಹೋದರೆ ಮೊಳೆಯುವುದಿಲ್ಲ.

ಕುಶಾಲನಗರ ಕಡೆಯವರು ಮೇ ಕೊನೆಯಲ್ಲಿ ಬಿತ್ತಬಹುದು. ಮಳೆ ಜಾಸ್ತಿ ಇರುವ ಕಡೆ ಸೆಪ್ಟೆಂಬರ್‌ನಲ್ಲಿ ಮಳೆ ಇಳಿದ ಮೇಲೆ ಬಿತ್ತಿ, ಇಲ್ಲದಿದ್ದರೆ ಜುಲೈ ಮಳೆಗೆ ಬೀಜ ಹೊಳೆ ಸೇರುತ್ತದೆ. ಇಳಿಜಾರಿನ ಬಾಣೆಯನ್ನು, ಅಂದರೆ ಗದ್ದೆಗೆ ಸೇರಿದ ಗುಡ್ಡದ ಜಾಗವನ್ನು, ಉಳಲೇಬೇಡಿ, ಜೆಸಿಬಿ ತಂದು ಸಮತಟ್ಟು ಮಾಡಿಸಬೇಡಿ. 2018ರ ಆಗಸ್ಟ್‌ನಲ್ಲಿ ಗುಡ್ಡಗಳು ಜರಿದದ್ದನ್ನು ನೋಡಿದ ಮೇಲೂ ಇಳಿಜಾರಿನ ಮಣ್ಣು ಕೆದಕಲು ಮನಸ್ಸು ಹೇಗೆ ಬರುತ್ತದೆ? ಗರಿಕೆಯ ಬೇರಿನ ತುಂಡುಗಳನ್ನು ಗೇಣಿಗೊಂದರಂತೆ ಕೈಯಲ್ಲೇ ನೆಡಿ. ನಿಧಾನ, ಆದರೆ ಮಣ್ಣು ಉಳಿಯುತ್ತದೆ.

ಮಳೆಗಾಲದಲ್ಲಿ ಏನು ಮಾಡುವುದು?

ಕುದುರೆಯನ್ನು ಹುಲ್ಲು ಬೆಳೆಸಿದ ಗದ್ದೆಗೆ ಬಿಡಬೇಡಿ. 400 ಕೆಜಿ ನಾಲ್ಕು ಗೊರಸಿನ ಮೇಲೆ ನಿಂತರೆ ನೆನೆದ ನೆಲ ಏನಾಗಬೇಕು? ಒಂದು ವಾರ ಸಾಕು, ಮೂರು ವರ್ಷದ ಹುಲ್ಲು ಕೆಸರಾಗುತ್ತದೆ. ಹಾಗೆ ಬರಿದಾದ ಜಾಗದಲ್ಲಿ ಮುಂದೆ ಬರುವುದು ಕಾಂಗ್ರೆಸ್ ಗಿಡ, ನಾಚಿಕೆ ಮುಳ್ಳು.

ಲಾಯದ ಪಕ್ಕ ಹತ್ತು ಹದಿನೈದು ಸೆಂಟು ಜಾಗವನ್ನು ಮಳೆಗಾಲಕ್ಕೇ ಅಂತ ಬಿಟ್ಟುಬಿಡಿ. ಎತ್ತರದ ಕಡೆ ಇರಲಿ, ಜಲ್ಲಿ ಹಾಸಿ, ಸುತ್ತ ಚರಂಡಿ ತೆಗೆಯಿರಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕುದುರೆ ಅಲ್ಲೇ ಓಡಾಡಲಿ, ಮೇವು ಅಲ್ಲಿಗೇ ಬರಲಿ. ನಡುವೆ ನಾಲ್ಕು ದಿನ ಬಿಸಿಲು ಬಿದ್ದರೆ ಗದ್ದೆಗೆ ಹೋಗಿ ಹಿಮ್ಮಡಿ ಊರಿ ನೋಡಿ. ಗುರುತಿನಲ್ಲಿ ನೀರು ಜಿನುಗದಿದ್ದರೆ ಎರಡು ಗಂಟೆ ಬಿಡಬಹುದು. ದಿನವೂ ಸಂಜೆ ಗೊರಸು ಎತ್ತಿ ಕೆಸರು ಕೆರೆದು ಒಣಗಿಸಿ. ಅಂಗಾಲಿನ ತ್ರಿಕೋನದ ಮೆತ್ತೆಯಿಂದ ಕೊಳೆತ ವಾಸನೆ ಬಂದರೆ ತಡ ಮಾಡಬೇಡಿ.

ಹುಲ್ಲು ಎಷ್ಟು ಎತ್ತರ ಇರುವಾಗ ಬಿಡಬೇಕು, ಎಷ್ಟಕ್ಕೆ ತೆಗೆಯಬೇಕು?

ರೋಡ್ಸ್ ಹುಲ್ಲು ಎಂಟು ಇಂಚು ಬಂದಾಗ ಬಿಡಿ, ನಾಲ್ಕು ಇಂಚಿಗೆ ಬಂದಾಗ ತೆಗೆಯಿರಿ. ಗರಿಕೆ ಎರಡು ಇಂಚಿನವರೆಗೆ ತಡೆಯುತ್ತದೆ. ಜಾಗವನ್ನು ಮೂರು ನಾಲ್ಕು ಭಾಗ ಮಾಡಿ ಸರದಿಯಲ್ಲಿ ಮೇಯಿಸಿ. ಚಿಗುರುವ ಕಾಲದಲ್ಲಿ ಒಂದೊಂದು ಭಾಗಕ್ಕೆ ಮೂರು ನಾಲ್ಕು ವಾರ ಬಿಡುವು ಸಿಗಲಿ, ಬೇಸಿಗೆಯಲ್ಲಿ ಇನ್ನೂ ಜಾಸ್ತಿ. ಬೇಲಿಗೆ ಮುಳ್ಳುತಂತಿ ಬೇಡ. ಹೆದರಿದ ಕುದುರೆ ನೋಡದೆ ಓಡುತ್ತದೆ, ತಂತಿಗೆ ಸಿಕ್ಕಿದರೆ ಚರ್ಮ ಸೀಳಿ ಹೋಗುತ್ತದೆ.

ಹೊಲದಲ್ಲಿ ಕೆಲವು ಕಡೆ ಹುಲ್ಲು ಎತ್ತರ ಬೆಳೆದರೂ ಕುದುರೆ ಮುಟ್ಟುವುದಿಲ್ಲ. ಯಾಕೆ?

ಅಲ್ಲಿ ಲದ್ದಿ ಹಾಕಿರುತ್ತದೆ. ಕುದುರೆ ತನ್ನ ಲದ್ದಿಯ ಸುತ್ತ ಮೇಯುವುದಿಲ್ಲ. ಹಾಗಾಗಿ ಒಂದೇ ಹೊಲದಲ್ಲಿ ಒಂದು ಕಡೆ ಬೋಳು, ಇನ್ನೊಂದು ಕಡೆ ಪೊದೆ. ಇದು ಒಳ್ಳೆಯ ಬುದ್ಧಿ, ಲದ್ದಿಯಲ್ಲಿ ಇರುವ ಜಂತುಹುಳದ ಮರಿಗಳು ಪಕ್ಕದ ಹುಲ್ಲಿಗೆ ಹತ್ತಿರುತ್ತವೆ.

ವಾರಕ್ಕೆ ಎರಡು ಸಲ ಲದ್ದಿ ಹೆಕ್ಕಿ. ಹೊಲದಲ್ಲಿ ಹರಡಬೇಡಿ, ಗುಂಡಿಗೆ ಹಾಕಿ ಬಿಸಿಯಾಗಿ ಕೊಳೆಯಲು ಬಿಡಿ. ಆಮೇಲೆ ಕಾಫಿಗೆ ಅದಕ್ಕಿಂತ ಒಳ್ಳೆಯ ಗೊಬ್ಬರ ಇಲ್ಲ. ಕುದುರೆ ಬಿಟ್ಟ ಪೊದೆಯನ್ನು ನಮ್ಮ ಮಲೆನಾಡು ಗಿಡ್ಡ ಹಸು ಬಂದು ಮೇದು ಸಮ ಮಾಡುತ್ತದೆ. ಕುದುರೆಯ ಹೆಚ್ಚಿನ ಹುಳಗಳು ದನದಲ್ಲಿ ಬದುಕುವುದಿಲ್ಲ, ದನದವು ಕುದುರೆಯಲ್ಲಿ ಬದುಕುವುದಿಲ್ಲ. ಒಬ್ಬರ ಹಿಂದೆ ಒಬ್ಬರು ಮೇದರೆ ಇಬ್ಬರಿಗೂ ಲಾಭ.

ಯಾವ ಗಿಡಗಳ ಬಗ್ಗೆ ಹೆದರಬೇಕು?

ಕೊಡಗಿನಲ್ಲಿ ಎಲ್ಲರೂ ಮರೆಯುವ ಗಿಡ ಬೆಣ್ಣೆಹಣ್ಣು. ಮನೆ ಹಿಂದೆ ಒಂದಾದರೂ ಮರ ಇರುತ್ತದೆ, ಅದರ ನೆರಳಿನಲ್ಲೇ ಕುದುರೆ ಕಟ್ಟುತ್ತಾರೆ. ಬೆಣ್ಣೆಹಣ್ಣಿನ ಎಲೆ ಕುದುರೆಗೆ ವಿಷ. ತಲೆ, ತುಟಿ ಊದಬಹುದು, ಹೃದಯಕ್ಕೆ ಪೆಟ್ಟಾಗಬಹುದು, ಹೆಣ್ಣು ಕುದುರೆಯ ಕೆಚ್ಚಲು ಬಾವು ಬರಬಹುದು. ಮರ ಕಡಿಯಬೇಕಿಲ್ಲ, ಕುದುರೆಯ ಬಾಯಿಗೆ ಎಟುಕದ ಹಾಗೆ ಬೇಲಿ ಹಾಕಿ. ಗಾಳಿಗೆ ಮುರಿದ ಕೊಂಬೆಯನ್ನು ಅವತ್ತೇ ತೆಗೆಯಿರಿ.

ಕಣಗಿಲೆ ಅಂಗಳದಲ್ಲೇ ಇರುತ್ತದೆ. ಕೆಲವೇ ಎಲೆ ಸಾಕು ಕುದುರೆ ಸಾಯಲು. ಹರಳು ಗಿಡ, ಉಮ್ಮತ್ತಿ, ಲಂಟಾನ ಬೇಲಿ ಕೂಡ ಬೇಡ. ಗದ್ದೆಗೆ ಹಸಿರು ಗೊಬ್ಬರಕ್ಕೆ ಬಿತ್ತುವ ಅಪ್ಸೆಣಬಿನ ಜಾತಿಯ ಕಾಡು ಗಿಡಗಳಿವೆ, ಒಣಗಿದ ಕಾಯಿ ಅಲ್ಲಾಡಿಸಿದರೆ ಗಿಲಗಿಲ ಅನ್ನುತ್ತವೆ. ಅವು ನಿಧಾನಕ್ಕೆ ಪಿತ್ತಜನಕಾಂಗ ಕೆಡಿಸುತ್ತವೆ. ಬಾಣೆಯ ಬಿಸಿಲಿನಲ್ಲಿ ಸೊಂಟದುದ್ದ ಬೆಳೆಯುವ ಗಟ್ಟಿ ಜರಿಗಿಡ ತಿಂದರೆ ಬಿ1 ಜೀವಸತ್ವ ನಾಶವಾಗಿ ಕುದುರೆ ತೂರಾಡುತ್ತದೆ. ನಾವು ಮಳೆಗಾಲದಲ್ಲಿ ಪಲ್ಯ ಮಾಡುವ ಎಳೆ ಜರಿಸೊಪ್ಪು, ಅಂದರೆ ತೆರ್ಮೆ ತೊಪ್ಪು ಬೇರೆ, ಇದು ಬೇರೆ.

ಹೊಟ್ಟೆ ತುಂಬಿದ ಕುದುರೆ ಹೆಚ್ಚಾಗಿ ಇವನ್ನೆಲ್ಲ ಮುಟ್ಟುವುದಿಲ್ಲ. ಮಾರ್ಚ್, ಏಪ್ರಿಲ್‌ನಲ್ಲಿ ಹುಲ್ಲು ಮುಗಿದು ಹಸಿದಾಗ ಬಾಯಿ ಹಾಕುತ್ತದೆ. ಕುದುರೆಗೆ ವಾಂತಿ ಮಾಡಲು ಆಗುವುದಿಲ್ಲ, ಒಳಗೆ ಹೋದದ್ದು ಹೋಯಿತು.

ಕಾಫಿ ತೋಟದ ಒಳಗೆ ಮೇಯಲು ಬಿಡಬಹುದಾ?

ಔಷಧಿ ಹೊಡೆಯುವ ತೋಟದಲ್ಲಿ ಬೇಡ. ಕಳೆನಾಶಕ ಹೊಡೆದ ಮೇಲೆ ಬಾಡುವ ಗಿಡಗಳಲ್ಲಿ ಸಿಹಿ ಜಾಸ್ತಿ ಆಗುವುದುಂಟು, ಮಾಮೂಲು ದಿನ ಬಿಟ್ಟು ಹೋಗುವ ವಿಷದ ಗಿಡವನ್ನೂ ಅವತ್ತು ತಿಂದುಬಿಡುತ್ತದೆ. ಆಳುಗಳು ಕಳೆ ಕೊಯ್ದು ತಂದರೆ ಯಾವ ಬ್ಲಾಕಿನದು ಅಂತ ಕೇಳಿಯೇ ಹಾಕಿ.

ಹೂ ಮಳೆ (ಬೇಸಿಗೆಯಲ್ಲಿ ಕಾಫಿ ಹೂ ಅರಳಿಸುವ ಮಳೆ) ಬಿದ್ದ ಮೇಲೆ ಬರುವ ಹೊಸ ಚಿಗುರು ಒಳ್ಳೆಯದಲ್ವಾ?

ನೋಡಲು ಕಣ್ಣಿಗೆ ಹಬ್ಬ. ಮೂರು ತಿಂಗಳು ಒಣ ಮೇವು ತಿಂದ ಕರುಳಿಗೆ ಮಾತ್ರ ಅದು ದಿಢೀರ್ ಬದಲಾವಣೆ. ಮೊದಲ ದಿನ 20 ನಿಮಿಷ ಬಿಡಿ, ಎರಡು ವಾರದಲ್ಲಿ ನಿಧಾನಕ್ಕೆ ಏರಿಸಿ. ಬಿಡುವ ಮುಂಚೆ ಒಣಹುಲ್ಲು ತಿನ್ನಿಸಿ. ದಪ್ಪ ಕುತ್ತಿಗೆಯ ತಟ್ಟುಗಳಿಗೆ ಗೊರಸಿನ ಒಳಗೆ ಉರಿಯೂತ ಬರುವ ಭಯ ಇದೆ. ಗೊರಸು ಬಿಸಿ ಇದ್ದು, ಮುಂಗಾಲು ಮುಂದೆ ಚಾಚಿ ಹಿಂದಕ್ಕೆ ಭಾರ ಹಾಕಿ ನಿಂತರೆ ಅದೇ. ಆಗಲೇ ಫೋನ್ ಮಾಡಿ, ನಡೆಸಬೇಡಿ.

ಭತ್ತದ ಹುಲ್ಲು, ರಸಮೇವು, ದನದ ಹಿಂಡಿ ಕೊಡಬಹುದಾ?

ಹುತ್ತರಿ ಕಳೆದ ಮೇಲೆ ಭತ್ತದ ಹುಲ್ಲಿನ ಬಣವೆ ಎಲ್ಲರ ಮನೆಯಲ್ಲೂ ಇರುತ್ತದೆ. ಮಲಗಲು ಹಾಸಿ, ಬೇಸರ ಕಳೆಯಲು ಒಂದಿಷ್ಟು ಕಡಿಯಲಿ. ಅದನ್ನೇ ಮುಖ್ಯ ಮೇವು ಮಾಡಬೇಡಿ. ಸತ್ವ ಇಲ್ಲ, ಆಕ್ಸಲೇಟ್ ಇದೆ, ಕರುಳಿನಲ್ಲಿ ಗಂಟು ಕಟ್ಟುತ್ತದೆ. ಒಳ್ಳೆಯ ಒಣಹುಲ್ಲು ಬೇಕಾದರೆ ಡಿಸೆಂಬರ್, ಜನವರಿಯ ಬಿಸಿಲಿನಲ್ಲಿ ರೋಡ್ಸ್ ಹುಲ್ಲು ಹೂ ಬಿಡುವಾಗ ಕೊಯ್ದು, ಎರಡು ಮೂರು ದಿನ ತಿರುವಿ ಒಣಗಿಸಿ, ನೆಲಕ್ಕೆ ತಾಗದಂತೆ ಹಲಗೆಯ ಮೇಲೆ ಇಡಿ. ಮುಗ್ಗಲು ವಾಸನೆ ಬಂದ ಹುಲ್ಲು ಕುದುರೆಗೆ ಬೇಡ.

ಹಸಿ ಮೇವನ್ನು ಗಾಳಿಯಾಡದಂತೆ ಮುಚ್ಚಿ ಹುದುಗಿಸಿದ ರಸಮೇವು (ಸೈಲೇಜ್) ನಾನು ಕೊಡುವುದಿಲ್ಲ. ಗಾಳಿ ಸೇರಿ ಕೆಟ್ಟಿದ್ದರೆ ದನ ತಡೆದುಕೊಳ್ಳಬಹುದು, ಕುದುರೆ ತಡೆಯದು. ಹಸಿ ಜೋಳದ ಮೇವೂ ಬೇಡ.

ದನದ, ಕೋಳಿಯ ತಯಾರಿ ಆಹಾರವನ್ನು ಮಾತ್ರ ಯಾವತ್ತೂ ಕೊಡಬೇಡಿ. ಕೆಲವದರಲ್ಲಿ ಮೊನೆನ್ಸಿನ್ ಎನ್ನುವ ಔಷಧಿ ಸೇರಿರುತ್ತದೆ. ಕೋಳಿಗೆ ಏನೂ ಮಾಡದ ಪ್ರಮಾಣ ಕುದುರೆಯ ಹೃದಯದ ಸ್ನಾಯುವನ್ನು ಕೊಲ್ಲುತ್ತದೆ. ಡಬ್ಬಗಳನ್ನು ಬೇರೆ ಬೇರೆ ಕೋಣೆಯಲ್ಲಿ ಇಡಿ, ಅಳೆಯುವ ಚೊಂಬೂ ಬೇರೆ ಇರಲಿ.

ಉಪ್ಪು, ನೀರು?

ಹುಲ್ಲಿನಲ್ಲಿ ಉಪ್ಪಿನಂಶ ತೀರಾ ಕಡಿಮೆ. ದೊಡ್ಡ ಕುದುರೆಗೆ ದಿನಕ್ಕೆ ಸುಮಾರು ಎರಡು ದೊಡ್ಡ ಚಮಚ, ಅಂದರೆ 25 ರಿಂದ 30 ಗ್ರಾಂ ಉಪ್ಪು ಬೇಕು. ನೀರು 30 ರಿಂದ 40 ಲೀಟರ್, ಬೇಸಿಗೆಯಲ್ಲಿ ಇನ್ನೂ ಜಾಸ್ತಿ. ತೊಟ್ಟಿ ಯಾವತ್ತೂ ಖಾಲಿ ಇರಬಾರದು.

ರಾತ್ರಿ ಹೊಲದಲ್ಲೇ ಬಿಡಬಹುದಾ?

ಬೇಡ. ಪೊನ್ನಂಪೇಟೆ, ನಾಗರಹೊಳೆ ಅಂಚಿನವರಿಗೆ ಹೇಳಬೇಕಿಲ್ಲ, ಹುಲಿ ದನ ಹಿಡಿಯುವ ಸುದ್ದಿ ವರ್ಷವೂ ಬರುತ್ತದೆ. ಆನೆ ಎಲ್ಲ ಕಡೆಯೂ ಇದೆ. ಕತ್ತಲಾಗುವ ಮುಂಚೆ ಲಾಯಕ್ಕೆ ತನ್ನಿ. ಆದರೆ ಹೊಟ್ಟೆ ಖಾಲಿ ಬಿಡಬೇಡಿ. ಕುದುರೆ ದಿನಕ್ಕೆ 16 ಗಂಟೆವರೆಗೂ ಮೇಯುವ ಪ್ರಾಣಿ. ಮಲಗುವ ಮುಂಚೆ ಒಂದು ಕಟ್ಟು ಒಣಹುಲ್ಲು ಬಲೆ ಚೀಲದಲ್ಲಿ ತುಂಬಿ ತೂಗು ಹಾಕಿ, ಬೆಳಗಿನವರೆಗೆ ನಿಧಾನಕ್ಕೆ ಎಳೆದು ತಿನ್ನುತ್ತಿರುತ್ತದೆ.